ಮುಕ್ಕಾಲು ಇಂಚು

ಇಟ್ಟಿಗೆಗೂಡಿನ ಈ ಲೀಸಿನ ಮನೆಗೆ ಬಂದ ದಿನವೇ
ಬಾಬಿನ್ನೊಂದು ನನ್ನ ಕೈತಪ್ಪಿತು.
ಕೆಂಪು ಗಾರೆಯ ಮೇಲೆ ನೀಲಿ ದಾರ ಬಿಚ್ಚುತ್ತ
ನಡುಮನೆ ದಾಟಿ, ಬಾಗಿಲ ಬಳಿ ತುಸು ಯೋಚಿಸಿ,
ಅಡುಗೆಮನೆಯ ಮೂಡಲ ಮೂಲೆಗೆ ಹೋಗಿ ನಿಂತಿತು.
ಅಲ್ಲಿ ಮೊದಲೇ ಬಂದು ಕೂತಿದ್ದವು
ಒಂದು ಗೋಲಿ, ಮೂರು ಕಾಬೂಲಿ ಕಡಲೆ,
ಯಾರದೋ ಮಾತ್ರೆ, ಅಂಚು ಸವೆದ ನಾಲ್ಕಾಣೆ.

ಉಳಿದದ್ದು ಒಂದೊಂದಾಗಿ ತಿಳಿಯಿತು.
ನೆಲ ಒರೆಸಿದರೆ ನೀರು ಬಚ್ಚಲಿಗೆ ಹೋಗಲೊಲ್ಲದು,
ದೇವರ ಗೂಡಿನ ಕೆಳಗೇ ಮಡುಗಟ್ಟುತ್ತದೆ.
ನಡುರಾತ್ರಿ ಝೂದಲ್ಲಿ ಸಿಂಹ ಗುಡುಗಿ ಸುಮ್ಮನಾದ ಮೇಲೆ
ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ,
ಯಾರೋ ಸೀರೆ ಆರಿಸಲು ಬಂದ ಹಾಗೆ.
ಮಂಚದ ಕಾಲಿಗೆ ಹಳೇ ಪಂಚಾಂಗ ಮಡಚಿ ಕೊಟ್ಟಿದ್ದೇನೆ;
ಎರಡು ವರ್ಷದ ಗ್ರಹಗಳೆಲ್ಲ ಕೂಡಿ
ನನ್ನ ನಿದ್ದೆಯನ್ನು ಮಟ್ಟಸವಾಗಿ ಹಿಡಿದಿವೆ.

ಹೊಲಿದ ಬಟ್ಟೆ ಇಡಲು ಗೋಡೆಗೊಂದು ಕಪಾಟು ಬೇಕಿತ್ತು.
ಕಾಳಾಚಾರಿ ಬಂದರು, ಕಿವಿಯ ಮೇಲೆ ಪೆನ್ಸಿಲು,
ಹಿಂದೆ ಸಾಮಾನು ಹೊತ್ತ ಹುಡುಗ ಮನ್ಸೂರ.
ರಸಮಟ್ಟ ಇಟ್ಟರು: ಗುಳ್ಳೆ ಗೆರೆ ದಾಟಿ ಓಡಿ
ಗಾಜಿನ ತುದಿಗೆ ಮೂತಿ ಒತ್ತಿಕೊಂಡಿತು.
ತೂಗುಗುಂಡು ಇಳಿಬಿಟ್ಟರು: ದಾರ ಗೋಡೆಯ ನಡುವಿಗೆ ತಾಗಿ
ಗುಂಡು ಕೆಳಗೆ ಮುಕ್ಕಾಲು ಇಂಚು ದೂರ ನಿಂತಿತು.
"ಹೊಟ್ಟೆ ಬಂದ್ಬಿಟ್ಟಿದೆ ಕಣಮ್ಮ" ಎಂದರು,
ಗೋಡೆಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ.
ಮನ್ಸೂರ ಫೋನನ್ನು ಗೋಡೆಗೆ ಒತ್ತಿ ಹಿಡಿದು
"ಎರಡು ಡಿಗ್ರಿ" ಎಂದ, ಜ್ವರ ನೋಡಿದವನ ಹಾಗೆ.

ಕೆತ್ತಿಸಿ, ಹೊಸ ಪ್ಲಾಸ್ಟರಿಂಗ್ ಮಾಡಿಸಿ,
ನೆಲ ಕೀಳಿಸಿ, ಟೈಲ್ಸ್ ಹಾಕಿಸಿ,
ಆಮೇಲೆ ಕರೀರಿ, ಕಪಾಟು ಅಂದ್ರೆ ಮೂಲೆಮಟ್ಟದ ಕೆಲಸ,
ಆಚಾರ್ರು ಹೇಳುತ್ತಲೇ ಇದ್ದರು.
ನಾನು ಗೋಡೆ ನೋಡುತ್ತಿದ್ದೆ.
ಮೊಳೆ ಹೊಡೆದಲ್ಲಿ ಗಾರೆ ಉದುರಿ ಇಟ್ಟಿಗೆ ಕಂಡಿತ್ತು;
ಹಸಿಯಿದ್ದಾಗ ಅದರ ಮೇಲೆ ಕೋಳಿಯೊಂದು ನಡೆದಿತ್ತು.
ಮೂರು ಬೆರಳು. ಯಾವ ಗೂಡಲ್ಲಿ ಸುಟ್ಟದ್ದೋ,
ಯಾರು, ಯಾವತ್ತು ತಿಂದ ಕೋಳಿಯೋ.

ಇಪ್ಪತ್ತಾರು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ.
ಎರಡು ಭುಜ ಸಮ ಇರುವ ಹೆಂಗಸನ್ನು
ಟೇಪು ಹಿಡಿದ ಕಣ್ಣಿಂದ ನಾನಿನ್ನೂ ಕಂಡಿಲ್ಲ.
ಸಿಟಿ ಬಸ್ಸಿನ ಕಂಡಕ್ಟರ್ ದೇವೀರಮ್ಮನಿಗೆ
ಎಡಭುಜ ಒಂದು ಬೆರಳು ತಗ್ಗು: ಚಿಲ್ಲರೆ ಚೀಲದ ಭಾರ.
ರಂಗನಾಯಕಿ ಟೀಚರಿಗೆ ಬಲತೋಳು ದಪ್ಪ.
ಆಸ್ಪತ್ರೆಯಿಂದ ಒಂದು ಕಡೆ ಖಾಲಿಯಾಗಿ ಬಂದವಳು,
ಹೆಸರು ಹೇಳಲಾರೆ,
ಅವಳಿಗೆ ಬಾಗಿಲು ಹಾಕಿ ಅಳತೆ ತೆಗೆದೆ,
ಒಳಗೆ ಹತ್ತಿಯ ಪದರ ಕೊಟ್ಟು ಹೊಲಿದೆ,
ಕನ್ನಡಿ ಮುಂದೆ ತುಂಬಾ ಹೊತ್ತು ಪಕ್ಕಕ್ಕೆ ತಿರುಗಿ ನಿಂತಳು.
ಮೊದಲು ಮೈ ಸರಿಮಾಡಿಸಿಕೊಂಡು ಬಾ ಎಂದು
ಯಾರಿಗೆ ಹೇಳಲಿ?

"ಆಚಾರ್ರೇ, ಗೋಡೆ ಇದ್ದ ಹಾಗೇ ಇರಲಿ.
ಹಲಗೇನೇ ಅದರಳತೆಗೆ ಕತ್ತರಿಸಿ."
ಅವರು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು.
"ನಮ್ಮಪ್ಪ ಮಾಡ್ತಿದ್ದ ಕೆಲಸ ಅದು. ಟೈಮ್ ಹಿಡೀತದೆ."
ಹಿಡೀಲಿ ಅಂದೆ. ಕಾಫಿಗಿಟ್ಟೆ;
ಒಲೆ ಮೇಲೂ ಹಾಲು ಒಂದೇ ಕಡೆಗೆ ಉಕ್ಕುತ್ತದೆ ಇಲ್ಲಿ.

ಹಲಗೆಯನ್ನು ಗೋಡೆಗಾನಿಸಿ, ಕೈವಾರವನ್ನು ಮುಕ್ಕಾಲು ಇಂಚು ತೆರೆದು,
ಒಂದು ಕಾಲು ಗೋಡೆಯ ಮೇಲೆ, ಇನ್ನೊಂದು ಹಲಗೆಯ ಮೇಲೆ,
ಮೆಲ್ಲಗೆ ಇಳಿಸುತ್ತ ಬಂದರು.
ಗೋಡೆಯ ಹೊಟ್ಟೆ, ಸೊಂಟ, ಯಾವುದೋ ಮಳೆಗಾಲದ ಊತ
ಎಲ್ಲ ಪೆನ್ಸಿಲ್ ಗೆರೆಯಾಗಿ ಮೂಡಿತು,
ಥೇಟು ಕಂಕುಳ ಸುತ್ತಿನ ತಿರುವು.
ಗರಗಸದ ಹಿಂದೆ ಪುಡಿ ಊದುತ್ತ ಹೋದ ಮನ್ಸೂರ.
ಕೂರಿಸಿದಾಗ ಹಲಗೆಗೂ ಗೋಡೆಗೂ ನಡುವೆ
ನನ್ನ ಸೂಜಿಯೂ ತೂರಲಿಲ್ಲ.
ಕಾಲಡಿಗೆ ಮಾತ್ರ ಒಂದು ಬೆಣೆ.
ಬೀರುವಿಗೇನು ಮಾಡಲಿ ಎಂದರೆ
"ಬೀಗ ಹಾಕ್ಕಳಿ" ಎಂದು ನಕ್ಕರು.

ಸಂಜೆ ಸಾಮಾನು ಕಟ್ಟುವಾಗ
ಕಪಾಟಿನ ಹಿತ್ತಾಳೆ ಗುಂಡೊಂದು ಕಡಿಮೆ ಬಂತು.
ಆಚಾರ್ರು ಚೀಲ ಕೊಡವಿದರು, ನಾನು ಮಿಷಿನ್ನಿನಡಿ ಬಗ್ಗಿದೆ.
ಮನ್ಸೂರ ಎಲ್ಲೂ ಹುಡುಕದೆ
ನೇರ ಅಡುಗೆಮನೆಗೆ ನಡೆದ.